ಇಸ್ತ್ರಿ ಅಕ್ಕನ ಪೀಪಿ

ಎದುರುಬದುರು ನಿಂತ ಎರಡು ಕಟ್ಟಡ. ಎರಡಕ್ಕೂ ನಾಲ್ಕು ನಾಲ್ಕು ಅಂತಸ್ತು, ಎರಡಕ್ಕೂ ಲಿಫ್ಟ್ ಇಲ್ಲ. ಬಲಗಡೆ ಕಟ್ಟಡದ ಮೆಟ್ಟಿಲ ಕೆಳಗೆ, ನೀರಿನ ಮೀಟರುಗಳ ಪಕ್ಕದಲ್ಲಿ ಇಸ್ತ್ರಿ ಅಕ್ಕನ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಕಂಬಳಿ ಹಾಸಿದ ಒಂದು ಮೇಜು, ಗೋಡೆಗೆ ಸಾಲಾಗಿ ಮೊಳೆ, ಕಾಲ ಹತ್ತಿರ ಇದ್ದಿಲಿನ ಚೀಲ, ಇಷ್ಟೇ. ನೆಟ್ಟಗೆ ನಿಂತರೆ ಮೆಟ್ಟಿಲು ತಲೆಗೆ ತಾಗುತ್ತದೆ ಅಂತ ಅಕ್ಕ ಮೂವತ್ತು ವರ್ಷದಿಂದ ಕತ್ತು ಒಂದು ಕಡೆಗೆ ವಾಲಿಸಿಕೊಂಡೇ ಇಸ್ತ್ರಿ ಮಾಡುತ್ತಿದ್ದಳು. ಹೊಸದಾಗಿ ಬಂದವರಿಗೆ, ತಮ್ಮ ಮಾತನ್ನು ಈಕೆ ಬಹಳ ಗಮನವಿಟ್ಟು ಕೇಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಅಕ್ಕನಿಗೆ ಅರವತ್ತೊಂದು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಬೆಳಿಗ್ಗೆ ಕೆಂಡಕ್ಕೆ ಗಾಳಿ ಹಾಕಿ, ಮೇಲೆ ಬಂದ ಬೂದಿಯನ್ನು ಊದಿ, ಪೆಟ್ಟಿಗೆಯ ಬಾಯಿ ಮುಚ್ಚಿದರೆ ಮಧ್ಯಾಹ್ನದವರೆಗೂ ಅವಳ ಕೈ ನಿಲ್ಲುತ್ತಿರಲಿಲ್ಲ. ಸಂಜೆ ಬಟ್ಟೆಗಳನ್ನು ಮನೆ ಮನೆಗೆ ಮುಟ್ಟಿಸುವುದೂ ಅವಳೇ.

ಈ ಮುಟ್ಟಿಸುವ ಕೆಲಸದಲ್ಲೇ ತೊಂದರೆ ಶುರುವಾಯಿತು. ಮೆಟ್ಟಿಲು ಹತ್ತುವಾಗ ಉಸಿರು ಸಾಲುತ್ತಿರಲಿಲ್ಲ. ಮೊದಮೊದಲು ನಾಲ್ಕನೇ ಅಂತಸ್ತಿನಲ್ಲಿ, ಆಮೇಲೆ ಮೂರನೆಯದರಲ್ಲಿ, ಈಚೆಗೆ ಮೊದಲನೆಯದರಲ್ಲೇ. ಆದರೆ ಅಕ್ಕ ಅದನ್ನು ಯಾರಿಗೂ ಗೊತ್ತಾಗಗೊಡಲಿಲ್ಲ. ಮೊದಲನೇ ಅಂತಸ್ತಿನಲ್ಲಿ ಗಂಟು ಕೆಳಗಿಟ್ಟು ಬಟ್ಟೆ ಎಣಿಸುವಳು. ಎಣಿಸುವುದಕ್ಕೆ ಏನೂ ಇರುತ್ತಿರಲಿಲ್ಲ, ಉಸಿರು ಹತೋಟಿಗೆ ಬರುವವರೆಗೂ ಎಣಿಸುವಳು, ಅಷ್ಟೇ. ಎರಡನೇ ಅಂತಸ್ತಿನಲ್ಲಿ ಹೂಕುಂಡದ ಅಜ್ಜಿಯ ಬಾಗಿಲು ಬಡಿದು, ಉತ್ತರ ಉದ್ದ ಇರುವ ಪ್ರಶ್ನೆಯನ್ನೇ ಹುಡುಕಿ ಕೇಳುವಳು. "ಮಂಡಿ ನೋವು ಹೇಗಿದೆ ಅಜ್ಜಿ?" ಅಜ್ಜಿಯ ಎಡ ಮಂಡಿಯ ಸಮಾಚಾರ ಮುಗಿದು ಬಲ ಮಂಡಿಗೆ ಬರುವಷ್ಟರಲ್ಲಿ ಅಕ್ಕನ ಉಸಿರು ಹದಕ್ಕೆ ಬಂದಿರುತ್ತಿತ್ತು. ಇಡೀ ಕಟ್ಟಡದಲ್ಲಿ ತನ್ನ ಮಂಡಿಯ ಬಗ್ಗೆ ಇಷ್ಟು ಕಾಳಜಿ ಇರುವವಳು ಇವಳೊಬ್ಬಳೇ ಅಂತ ಅಜ್ಜಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಆದರೆ ನಾದಿನಿಯ ಕಣ್ಣು ತಪ್ಪಿಸುವುದು ಸುಲಭವಾಗಿರಲಿಲ್ಲ. ಅಕ್ಕನ ಗಂಡ ತೀರಿಕೊಂಡಾಗ, ಅತ್ತಿಗೆಗೆ ಜೊತೆಯಾಗಿರಲಿ ಅಂತ ಹತ್ತು ದಿನದ ಬಟ್ಟೆ ಕಟ್ಟಿಕೊಂಡು ಬಂದವಳು ಈ ನಾದಿನಿ. ಬಂದು ಎಂಟು ವರ್ಷವಾಗಿತ್ತು. ಐವತ್ತು ದಾಟಿದ್ದರೂ ಮನೆಯಲ್ಲಿ ಅವಳ ಹೆಸರು ಪುಟ್ಟಿ. ಮನೆ ಒಂದೇ ಕೋಣೆಯದು, ಕಟ್ಟಡದ ಹಿಂಭಾಗದಲ್ಲಿತ್ತು. ಅಡುಗೆ ಪುಟ್ಟಿಯದು, ಬಟ್ಟೆ ಅಕ್ಕನದು, ಜಗಳ ಇಬ್ಬರದೂ.

ಒಂದು ಸಂಜೆ ಎಂಟು ಶರ್ಟು ಕೊಡಲು ಹೋದ ಅತ್ತಿಗೆ ಮುಕ್ಕಾಲು ಗಂಟೆಯಾದರೂ ಇಳಿಯದಿದ್ದಾಗ ಪುಟ್ಟಿ ಹುಡುಕಿಕೊಂಡು ಹತ್ತಿದಳು. ಮೂರನೇ ಮತ್ತು ನಾಲ್ಕನೇ ಅಂತಸ್ತಿನ ನಡುವಿನ ತಿರುವಿನಲ್ಲಿ ಅಕ್ಕ ಶರ್ಟುಗಳನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಹೆಗಲು ಮೇಲೆ ಕೆಳಗೆ ಆಡುತ್ತಿತ್ತು. ತುಟಿ ಕಪ್ಪಿಟ್ಟಿತ್ತು.

"ಅತ್ತಿಗೇ!"

"ಏನಿಲ್ಲ... ಕಣೇ. ಶರ್ಟು... ಎಣಿಸ್ತಿದ್ದೆ."

"ಎಂಟು ಶರ್ಟು ಎಣಿಸೋಕೆ ಮುಕ್ಕಾಲು ಗಂಟೇನಾ? ನಿಮ್ಮ ಗಣಿತ ಸುಡ್ಲಿ," ಅಂದಳು ಪುಟ್ಟಿ. ಬೈಯುತ್ತಲೇ ಶರ್ಟುಗಳನ್ನು ತನ್ನ ಕೈಗೆ ತಗೊಂಡಳು.

ಮಾರನೇ ದಿನವೇ ಎದೆರೋಗದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಒಂದು ಕೊಳವೆಗೆ ಬಾಯಿಟ್ಟು ಊದಿಸಿದರು, ಚಿತ್ರ ತೆಗೆದರು. ಡಾಕ್ಟರಮ್ಮ ನಿಧಾನವಾಗಿಯೇ ಹೇಳಿದಳು: ಶ್ವಾಸಕೋಶದ ನಾಳಗಳು ಕಿರಿದಾಗಿವೆ, ಇಷ್ಟು ವರ್ಷದ ಇದ್ದಿಲ ಹೊಗೆಯೇ ಕಾರಣ ಇರಬೇಕು, ಪೂರ್ತಿ ವಾಸಿಯಾಗುವ ರೋಗವಲ್ಲ, ಆದರೆ ಔಷಧಿ ಸರಿಯಾಗಿ ತಗೊಂಡರೆ ಆರಾಮಾಗಿ ಓಡಾಡಿಕೊಂಡಿರಬಹುದು. ಆಮೇಲೆ ಪಕ್ಕದ ಕೋಣೆಯಲ್ಲಿ ನರ್ಸ್ ಒಂದು ಪ್ಲಾಸ್ಟಿಕ್ ಸಾಮಾನು ಹಿಡಿದು ಏನೋ ತೋರಿಸಿದಳು. ಬಾಯಿಗಿಟ್ಟಳು, ತಿರುಗಿಸಿದಳು, ಹತ್ತು ಎಣಿಸಿ ಅಂದಳು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅಕ್ಕನ ಕಿವಿ ಅಲ್ಲಿತ್ತು, ಮನಸ್ಸು ಮಾತ್ರ ಮೇಜಿನ ಮೇಲೆ ಬಿಟ್ಟು ಬಂದ ಪೆಟ್ಟಿಗೆಯ ಹತ್ತಿರ ಇತ್ತು. ಕೆಂಡ ಆರಿಸಿದ್ದೆನೋ ಇಲ್ಲವೋ? ಅದರ ಪಕ್ಕದಲ್ಲೇ ವಕೀಲರ ಕಪ್ಪು ಕೋಟು ಬೇರೆ ಇದೆಯಲ್ಲ!

"ಗೊತ್ತಾಯ್ತಾ ಅಮ್ಮ?"

"ಗೊತ್ತಾಯ್ತು, ಗೊತ್ತಾಯ್ತು," ಅಂದಳು ಅಕ್ಕ, ಎದ್ದು ನಿಂತೇ.

ಕೋಟಿಗೆ ಏನೂ ಆಗಿರಲಿಲ್ಲ. ಮನೆಗೆ ಬಂದು ಔಷಧಿಯ ಚೀಲ ಬಿಚ್ಚಿದರು. ಒಂದು ಡಬ್ಬಿಯ ತುಂಬ ಗುಳಿಗೆ, ಅರ್ಧ ಹಳದಿ, ಅರ್ಧ ಗಾಜಿನಂತೆ ಪಾರದರ್ಶಕ. ಒಳಗೆ ಚಿಟಿಕೆ ಬಿಳಿ ಪುಡಿ. ಜೊತೆಗೆ ಆ ಪ್ಲಾಸ್ಟಿಕ್ ಸಾಮಾನು.

"ಇದನ್ನ ಬಾಯಿಗಿಟ್ಟು ಏನೋ ಮಾಡಿದ್ಳು ಕಣೇ ಆ ಹುಡುಗಿ," ಅಂದಳು ಅಕ್ಕ.

"ಗುಳಿಗೇನಾ?"

"ಅಲ್ಲ, ಈ ಪೀಪೀನ."

ಪುಟ್ಟಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಕಡೆ ಬಾಯಿಗಿಡುವ ಮೂತಿ, ಇನ್ನೊಂದು ಕಡೆ ತೂತು. "ಇನ್ನೇನು ಅತ್ತಿಗೆ, ಮೆಟ್ಟಿಲ ಮೇಲೆ ಉಸಿರು ಕಟ್ಟಿ ಕೂತಾಗ ಕೂಗೋಕೆ ಆಗಲ್ವಲ್ಲ, ಊದಿ ಕರೀಲಿ ಅಂತ ಕೊಟ್ಟಿದಾರೆ. ಊದಿ ನೋಡಿ."

ಅಕ್ಕ ಊದಿದಳು. ಫುಸ್ ಅಂತು.

"ಕೆಟ್ಟಿದೆ," ಅಂದಳು ಪುಟ್ಟಿ. "ಬಿಟ್ಟಿ ಕೊಡೋ ಸಾಮಾನೇ ಹಿಂಗೆ. ಹೋಗ್ಲಿ, ಗುಳಿಗೆ ಇದೆಯಲ್ಲ, ಅದು ಮುಖ್ಯ."

"ಇದನ್ನ ನುಂಗೋದು ತಾನೇ?"

"ಗುಳಿಗೆ ಅಂದ್ಮೇಲೆ ನುಂಗದೆ ಕಿವಿಗೆ ಇಟ್ಕೊಳ್ತಾರಾ?"

ಅಲ್ಲಿಗೆ ತೀರ್ಮಾನವಾಯಿತು. ಪೀಪಿ ಅಂಗಡಿಯಲ್ಲಿ ಕಿತ್ತು ಬಂದ ಶರ್ಟು ಗುಂಡಿ ಹಾಕಿಡುವ ಡಬ್ಬ ಸೇರಿತು. ಅಕ್ಕ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆಯನ್ನು ಲೋಟ ತುಂಬ ನೀರಿನ ಜೊತೆ ನುಂಗತೊಡಗಿದಳು. ಪುಟ್ಟಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವಳು. ಅತ್ತಿಗೆ ನುಂಗಿ, ಬಾಯಿ ತೆರೆದು ನಾಲಿಗೆ ತೋರಿಸುವವರೆಗೂ ಮುಂದಿನಿಂದ ಸರಿಯಳು.

ತಿಂಗಳಾಯಿತು. ಉಸಿರು ಇದ್ದಲ್ಲೇ ಇತ್ತು, ಇನ್ನೊಂದು ಗುಂಜಿ ಕಡಿಮೆಯೇ ಆಗಿತ್ತು. ಮತ್ತೆ ಆಸ್ಪತ್ರೆಗೆ ಹೋದರು. ಅಕ್ಕ ಮತ್ತೆ ಕೊಳವೆಗೆ ಊದಿದಳು. ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು.

"ಔಷಧಿ ತಪ್ಪದೆ ತಗೊಳ್ತಿದ್ದೀರಾ?"

"ಎರಡು ಹೊತ್ತೂ, ಗಡಿಯಾರ ನೋಡ್ಕೊಂಡು," ಅಂತ ಪುಟ್ಟಿಯೇ ಹೆಮ್ಮೆಯಿಂದ ಹೇಳಿದಳು. "ನನ್ನ ಕಣ್ಣೆದುರೇ."

"ವಿಚಿತ್ರ," ಅಂದಳು ಡಾಕ್ಟರಮ್ಮ. ಗುಳಿಗೆಯ ಬಲ ಹೆಚ್ಚಿಸಿ ಬರೆದುಕೊಟ್ಟಳು. ಇದರಿಂದಲೂ ಆಗದಿದ್ದರೆ ಮುಂದಿನ ತಿಂಗಳು ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ, ಬೇರೆ ಏನಾದರೂ ಇದೆಯೋ ನೋಡಬೇಕು ಅಂದಳು.

ಆ 'ಬೇರೆ ಏನಾದರೂ' ಅನ್ನುವ ಮಾತು ಅಕ್ಕನ ಎದೆಗೆ ನಾಟಿತು. ಔಷಧಿಯೇ ನಾಟದ ಮೇಲೆ ಇನ್ನೇನು, ತನ್ನದು ಮುಗಿಯುತ್ತಾ ಬಂತು ಅಂತ ಒಳಗೊಳಗೇ ಲೆಕ್ಕ ಹಾಕಿಬಿಟ್ಟಳು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಹಗಲಲ್ಲಿ ಪುಟ್ಟಿಗೆ ಕೆಲಸ ಕಲಿಸಲು ಕೂತಳು.

"ನೋಡು, ತೋಳು ಮೊದಲು, ಬೆನ್ನು ಆಮೇಲೆ... ಕಾಲರ್ ಕೊನೆಗೆ. ಕಾಲರ್ ನೋಡಿದ್ರೆ... ಯಾರ ಶರ್ಟು ಅಂತ ಹೇಳ್ಬೇಕು ನೀನು."

"ನಂಗ್ಯಾಕೆ ಇದೆಲ್ಲ? ನೀವಿಲ್ವಾ?"

"ಇರ್ತೀನಿ. ಕಲ್ತುಕೋ."

ಪುಟ್ಟಿ ಕಲಿತ ಚಂದ ಹೇಳತೀರದು. ಮೂರನೇ ಅಂತಸ್ತಿನ ದಢೂತಿ ಆಸಾಮಿಯ ಪ್ಯಾಂಟನ್ನು ಕಡ್ಡಿಯಂಥ ಗುಮಾಸ್ತರಿಗೆ ಕೊಟ್ಟು ಬಂದಳು. ಗುಮಾಸ್ತರ ಹೆಂಡತಿ ಅದನ್ನು ಬಾಗಿಲಲ್ಲಿ ಹಿಡಿದು ನಿಂತು, "ಇದರಲ್ಲಿ ನಾವು ಸಂಸಾರ ಸಮೇತ ಇರಬಹುದು," ಅಂದಳು. ಅಕ್ಕನಿಗೂ ನಗು ಬಂತು. ನಕ್ಕಿದ್ದೇ ಕೆಮ್ಮು ಹತ್ತಿ, ಮೇಜು ಹಿಡಿದು ಬಗ್ಗಿ ನಿಲ್ಲಬೇಕಾಯಿತು. ತಿಂಗಳ ಕೊನೆಗೆ ಅಂಗಡಿ ಮುಚ್ಚಿಬಿಡೋಣ ಅಂತ ಅವಳು ಅವತ್ತೇ ಮನಸ್ಸಿನಲ್ಲಿ ನಿಶ್ಚಯ ಮಾಡಿದಳು. ಬಾಯಿ ಬಿಟ್ಟು ಹೇಳಲಿಲ್ಲ.

ಇದಾಗಿ ನಾಲ್ಕೈದು ದಿನ. ಬೆಳಿಗ್ಗೆ ಅಕ್ಕ ಸ್ಟೂಲಿನ ಮೇಲೆ ಕೂತು ಬಟ್ಟೆಗಳ ಜೇಬು ತಡವುತ್ತಿದ್ದಳು. ಪೆಟ್ಟಿಗೆ ಇಡುವ ಮೊದಲು ಜೇಬು ನೋಡುವುದು ಅವಳ ಕಟ್ಟುನಿಟ್ಟು. ಬಸ್ ಟಿಕೆಟ್ಟು, ಬಾಚಣಿಗೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಸಿಕ್ಕಿತ್ತು. ನಾಲ್ಕನೇ ಅಂತಸ್ತಿನ ಡ್ರಿಲ್ ಮೇಷ್ಟ್ರ ನೀಲಿ ಶರ್ಟಿನ ಜೇಬಿಗೆ ಕೈ ಹಾಕಿದಾಗ ಏನೋ ಗಟ್ಟಿಯಾಗಿ ತಾಗಿತು. ಪೀಪಿ ಇರಬೇಕು, ಡ್ರಿಲ್ ಮೇಷ್ಟ್ರಲ್ವಾ ಅಂದುಕೊಂಡು ಹೊರಗೆಳೆದಳು.

ಪೀಪಿಯೇ. ಆದರೆ ಶಾಲೆಯ ಪೀಪಿಯಲ್ಲ. ತನಗೆ ಆಸ್ಪತ್ರೆಯಲ್ಲಿ ಕೊಟ್ಟಿದ್ದರಲ್ಲ, ಥೇಟ್ ಅದೇ. ಅಲುಗಿಸಿದರೆ ಒಳಗೆ ಏನೋ ಕಟಕಟ ಅಂದಿತು. ಬಿಚ್ಚಿ ನೋಡಿದಳು. ಹಳದಿ ಗುಳಿಗೆಯ ಒಡೆದ ಎರಡು ಹೋಳು. ಪುಡಿ ಇಲ್ಲ. ಖಾಲಿ.

ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಲ್ಲೇ ಕೂತಳು. ಗುಳಿಗೆ ಪೀಪಿಯೊಳಗೆ ಯಾಕೆ ಹೋಯಿತು?

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಡ್ರಿಲ್ ಮೇಷ್ಟ್ರು ಬನಿಯನ್ನಿನಲ್ಲೇ ಇಳಿದು ಬಂದರು. ಐವತ್ತೈದರ ಆಳು, ಕಲ್ಲಿನ ಕಂಬದ ಹಾಗಿದ್ದರು. ಪ್ಯಾಂಟಿನ ಗೆರೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಬಟ್ಟೆ ವಾಪಸ್ಸು ತರುವವರು.

"ಅಕ್ಕಾ, ಆ ನೀಲಿ ಶರ್ಟು ಇಸ್ತ್ರಿ ಆಗೋಯ್ತಾ? ಜೇಬಲ್ಲಿ ಒಂದು..." ಅಕ್ಕನ ಕೈ ಕಂಡು ಮಾತು ನಿಲ್ಲಿಸಿದರು. ಸುತ್ತ ಯಾರಾದರೂ ಇದ್ದಾರೋ ಅಂತ ನೋಡಿದರು. "ಯಾರಿಗೂ ಹೇಳ್ಬೇಡಿ. ಮಕ್ಕಳಿಗೆ ಓಡೋಕೆ ಹೇಳಿಕೊಡೋನಿಗೇ ಉಸಿರಾಟದ ಕಾಯಿಲೆ ಅಂದ್ರೆ ಶಾಲೇಲಿ ನಗ್ತಾರೆ."

"ಮೇಷ್ಟ್ರೇ, ನಿಮ್ಮ ಪೀಪಿ... ಊದುತ್ತಾ?"

"ಏನು?"

"ನಂಗೂ ಕೊಟ್ಟಿದಾರೆ. ನಂದು ಕೆಟ್ಟಿದೆ." ಅಕ್ಕ ಗುಂಡಿ ಡಬ್ಬದಿಂದ ತನ್ನದನ್ನು ತೆಗೆದಳು. ಅದರ ಬಾಯಿಂದ ಎರಡು ಶರ್ಟಿನ ಗುಂಡಿ ಉದುರಿದವು.

ಮೇಷ್ಟ್ರು ಅದನ್ನೂ ನೋಡಿದರು, ಅವಳನ್ನೂ ನೋಡಿದರು. "ಗುಳಿಗೆ ಏನು ಮಾಡಿದ್ರಿ?"

"ನುಂಗ್ತೀನಿ. ಎರಡು ಹೊತ್ತೂ... ನೀರಲ್ಲಿ."

"ಎಷ್ಟು ದಿನದಿಂದ?"

"ಎರಡು ತಿಂಗಳಾಗ್ತಾ ಬಂತು."

ಮೇಷ್ಟ್ರು ಇದ್ದಿಲಿನ ಚೀಲದ ಮೇಲೆ ಹಾಗೇ ಕೂತುಬಿಟ್ಟರು. ಬಿಳೀ ಪ್ಯಾಂಟು ಅನ್ನುವುದೂ ಮರೆತುಹೋಗಿತ್ತು. ನಗಬೇಕೋ ಅಳಬೇಕೋ ಗೊತ್ತಾಗದ ಹಾಗಿತ್ತು ಅವರ ಮುಖ. "ಅಕ್ಕಾ, ಇದು ಊದೋದಲ್ಲ, ಎಳ್ಕೊಳ್ಳೋದು. ಆ ಪುಡಿ ಹೊಟ್ಟೆಗೆ ಹೋಗಿ ಏನು ಮಾಡುತ್ತೆ? ಅದು ಎದೆಗೆ ಹೋಗ್ಬೇಕು. ಗುಳಿಗೆ ಎಲ್ಲಿ? ಇವತ್ತು ಬೆಳಿಗ್ಗೆದು ನುಂಗಿದ್ರಾ?"

"ಇಲ್ಲ, ಪುಟ್ಟಿ ತರಕಾರಿಗೆ ಹೋಗಿದಾಳೆ. ಅವಳು ಬರದೆ ನುಂಗೋ ಹಾಗಿಲ್ಲ."

"ಒಳ್ಳೇದಾಯ್ತು ಬಿಡಿ."

ಅವರು ಮೊದಲು ಅಕ್ಕನ ಪೀಪಿಯನ್ನು ಒಣ ಬಟ್ಟೆಯಿಂದ ಒರೆಸಿ ಚೊಕ್ಕ ಮಾಡಿದರು. ಅಕ್ಕ ಒಳಗಿನಿಂದ ತಂದುಕೊಟ್ಟ ಗುಳಿಗೆಯನ್ನು ಅದರ ತೂತಿಗೆ ಹಾಕಿ, ಕೆಳಗಿನ ಭಾಗ ತಿರುಗಿಸಿದರು. ಒಳಗೆ ಟಕ್ ಅಂತ ಒಡೆದ ಸದ್ದಾಯಿತು. ಆಮೇಲೆ ಶಾಲೆಯ ಮೈದಾನದಲ್ಲಿ ನಿಂತವರ ಹಾಗೆ ನೆಟ್ಟಗೆ ನಿಂತರು.

"ಬೆನ್ನು ನೇರ. ಈಗ ಉಸಿರು ಪೂರ್ತಿ ಹೊರಗೆ ಬಿಡಿ. ಅದರೊಳಕ್ಕೆ ಅಲ್ಲ, ಈ ಕಡೆ ಮುಖ ತಿರುಗಿಸಿ ಬಿಡಿ. ಹಾಂ. ಈಗ ಬಾಯಿಗಿಡಿ, ತುಟಿ ಸಂದಿ ಬಿಡಬಾರದು. ಜೋರಾಗಿ ಒಳಕ್ಕೆ ಎಳೀರಿ. ಎಳೀರಿ, ಎಳೀರಿ! ತೆಗೀರಿ. ಬಾಯಿ ಮುಚ್ಚಿ. ಹಿಡ್ಕೊಳ್ಳಿ. ಒಂದು, ಎರಡು, ಮೂರು..."

ಒಳಗೆ ಗುಳಿಗೆ ಗಿರ್ರನೆ ತಿರುಗಿದ್ದು ಅಕ್ಕನಿಗೆ ಕೇಳಿಸಿತು. ಗಂಟಲಲ್ಲಿ ಪುಡಿ ಸವರಿದ ಹಾಗಾಯಿತು, ಸ್ವಲ್ಪ ಸಿಹಿ. ಐದಕ್ಕೇ ಕೆಮ್ಮು ಒತ್ತರಿಸಿ ಬಂತು. ಏಳರವರೆಗೆ ಹೇಗೋ ತಡೆದು ಬಿಟ್ಟುಬಿಟ್ಟಳು.

"ಪರವಾಗಿಲ್ಲ. ಇನ್ನೂ ಪುಡಿ ಉಳಿದಿದೆ. ಇನ್ನೊಂದ್ಸಲ ಎಳೀರಿ."

ಎರಡನೇ ಸಲ ಹತ್ತರವರೆಗೂ ಹೋದಳು. ಮೇಷ್ಟ್ರು ಪೀಪಿ ಬಿಚ್ಚಿ, ಪುಡಿ ಖಾಲಿಯಾದದ್ದನ್ನು ತೋರಿಸಿದರು. ಆಮೇಲೆ ಇಬ್ಬರೂ ಕಾಯುತ್ತ ಕೂತರು. ಓಣಿಯಲ್ಲಿ ಹಾಲಿನವನು ಸೈಕಲ್ ಬೆಲ್ಲು ಬಾರಿಸುತ್ತ ಹೋದ. ಹೂಕುಂಡದ ಅಜ್ಜಿ ಮೇಲಿಂದ ನೀರು ಚೆಲ್ಲಿದಳು. ಏನೂ ಆಗಲಿಲ್ಲ. ನನ್ನ ಹಣೆಬರಹಕ್ಕೆ ಇದೂ ನಾಟಲ್ಲ ಅಂತ ಅಕ್ಕ ಅಂದುಕೊಳ್ಳುವಷ್ಟರಲ್ಲಿ, ಹತ್ತು ನಿಮಿಷವಾಗಿತ್ತೋ ಹದಿನೈದೋ, ಪಕ್ಕೆಲುಬಿನ ಸುತ್ತ ಯಾರೋ ಬಿಗಿದಿದ್ದ ಹಗ್ಗ ಒಂದೊಂದೇ ಎಳೆ ಸಡಿಲವಾದ ಹಾಗೆ ಅನಿಸಿತು. ಒಳಗಿದ್ದ ಉಸಿರು ತಾನಾಗಿ ಹೊರಗೆ ಹೋಯಿತು. ಹೋದ ಜಾಗಕ್ಕೆ ಹೊಸದು ಬಂತು. ಅಷ್ಟೇ. ಇಷ್ಟು ಸಣ್ಣ ವಿಷಯ. ಒಂದು ವರ್ಷದಿಂದ ಅವಳಿಗೆ ಇದು ಸಿಕ್ಕಿರಲಿಲ್ಲ.

"ಮೇಷ್ಟ್ರೇ, ನೀವು ಇದ್ದಿಲ ಚೀಲದ ಮೇಲೆ ಕೂತಿದ್ದೀರಿ, ಬಿಳೀ ಪ್ಯಾಂಟು ಹಾಳಾಗೋಯ್ತು, ಅದನ್ನ ಒಗೆದು ಒಣಗಿಸಿ ತಂದುಕೊಟ್ರೆ ಸಂಜೆಯೊಳಗೆ ನಾನೇ ಇಸ್ತ್ರಿ ಹಾಕಿ ಮೇಲೆ ತಂದುಕೊಡ್ತೀನಿ," ಅಂದಳು ಅಕ್ಕ.

ಮೇಷ್ಟ್ರು ನಕ್ಕರು. "ಎಲ್ಲೂ ನಿಲ್ಲದೆ ಹೇಳಿದ್ರಿ, ನೋಡಿ."

ಅಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಳಬಳ ಇಳಿಯಿತು.

ತರಕಾರಿ ಚೀಲ ಹಿಡಿದು ಬಂದ ಪುಟ್ಟಿಗೆ ಕಂಡದ್ದು ಇದು: ಅತ್ತಿಗೆ ಅಳುತ್ತಿದ್ದಾಳೆ, ಬನಿಯನ್ನಿನ ಮೇಷ್ಟ್ರು ಹಿಂಭಾಗವೆಲ್ಲ ಕಪ್ಪಾಗಿ ನಿಂತಿದ್ದಾರೆ. ವಿಷಯ ಕೇಳಿದ ಮೇಲೆ ಚೀಲ ಕೈಯಿಂದ ಜಾರಿ, ಈರುಳ್ಳಿ ಓಣಿಯ ತುಂಬ ಉರುಳಿದವು.

"ನಾನೇ ನುಂಗಿಸಿದ್ನಲ್ಲ ಅತ್ತಿಗೆ! ನಾಲಿಗೆ ತೋರಿಸಿ ನಾಲಿಗೆ ತೋರಿಸಿ ಅಂತ ನಾನೇ ಪ್ರಾಣ ತಿಂದ್ನಲ್ಲ!" ಅಂತ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತಳು.

"ನೀನೇನು ಬೇಕು ಅಂತ ಮಾಡಿದ್ಯಾ? ಒಂದು ಹೊತ್ತೂ ತಪ್ಪಿಸಲಿಲ್ಲ ನೀನು. ಗೊತ್ತಾಯ್ತು ಅಂತ ಅವತ್ತು ಸುಳ್ಳು ಹೇಳಿದವಳು ನಾನು," ಅಂದಳು ಅಕ್ಕ. "ಏಳು, ಈರುಳ್ಳಿ ಆರಿಸು. ಜನ ತುಳೀತಾರೆ."

ಆ ಮಧ್ಯಾಹ್ನವೇ ಆಸ್ಪತ್ರೆಗೆ ಹೋದರು. ಅದೇ ನರ್ಸ್ ಇದ್ದಳು. ಕಥೆ ಕೇಳಿ ಮೊದಲು ಕಣ್ಣರಳಿಸಿದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು. "ನೂರು ಗುಳಿಗೆಗಿಂತ ಜಾಸ್ತಿ ನುಂಗಿದ್ದೀರಿ ಹಾಗಾದ್ರೆ! ಹೊಟ್ಟೆಗೆ ಹೋದ್ರೆ ಅಂಥ ಅಪಾಯ ಏನಿಲ್ಲ, ಹೆದರಬೇಡಿ. ಪ್ರಯೋಜನ ಇಲ್ಲ, ಅಷ್ಟೇ. ತಪ್ಪು ನಂದೂ ಇದೆ ಅಮ್ಮ. ನಾನು ತೋರಿಸಿದೆ. ನೀವು ಮಾಡಿ ತೋರಿಸಿ ಅಂತ ಕೇಳಲೇ ಇಲ್ಲ."

ಈ ಸಲ ಕೇಳಿದಳು. ಖಾಲಿ ಪೀಪಿಯಲ್ಲಿ ಮೂರು ಸಲ ಮಾಡಿಸಿದಳು. ಪುಟ್ಟಿಯೂ ಮಾಡಬೇಕಾಯಿತು. ಪುಟ್ಟಿ ಎಳೆಯುವ ರಭಸಕ್ಕೆ ಪೀಪಿಯನ್ನೇ ನುಂಗಿಬಿಡುತ್ತಾಳೇನೋ ಅಂತ ನರ್ಸ್ ಕೈ ಅಡ್ಡ ಹಿಡಿದಳು. ಗುಳಿಗೆಯ ಬಲವನ್ನು ಡಾಕ್ಟರಮ್ಮ ಮೊದಲಿನಷ್ಟಕ್ಕೇ ಇಳಿಸಿದಳು. ಎರಡು ವಾರ ಬಿಟ್ಟು ಕೊಳವೆಗೆ ಊದಿಸಿ ನೋಡಿದಾಗ ಅವಳ ಹುಬ್ಬು ಗಂಟಿಕ್ಕಲಿಲ್ಲ. "ದೊಡ್ಡ ಆಸ್ಪತ್ರೆ ಸದ್ಯಕ್ಕೆ ಬೇಡ," ಅಂದಳು. ಆ ಮಾತಿಗೆ ಅತ್ತಿಗೆ ನಾದಿನಿ ಒಬ್ಬರ ಕೈ ಒಬ್ಬರು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಪುಟ್ಟಿಯ ಬಳೆಯೊಂದು ಬಿರುಕು ಬಿಟ್ಟಿತು. "ಆದರೆ ಇದ್ದಿಲು ಇನ್ನು ಆಗೋದಿಲ್ಲ. ಔಷಧಿ ನಾಳ ಬಿಡಿಸುತ್ತೆ, ಹೊಗೆ ಮತ್ತೆ ಮುಚ್ಚುತ್ತೆ. ಯಾವುದು ಗೆಲ್ಲಬೇಕು ನೀವೇ ಹೇಳಿ."

ಇದ್ದಿಲಿನ ಪೆಟ್ಟಿಗೆ ಬಿಡುವುದು ಅಕ್ಕನಿಗೆ ಕಷ್ಟವಾಯಿತು. ಕರೆಂಟಿನ ಪೆಟ್ಟಿಗೆ ತಂದ ಮೊದಲ ದಿನ ಅದು ಹಗುರ ಅಂತ ಸಿಟ್ಟು ಮಾಡಿಕೊಂಡಳು. "ಇದೇನಿದು, ಬಟ್ಟೆಗೆ ತಾಗಿದ್ದೇ ಗೊತ್ತಾಗಲ್ಲ!" ಅಂತ ಮೈಭಾರ ಹಾಕಿ ಒತ್ತಿ ಒತ್ತಿ, ಸಂಜೆಗೆ ಹೆಗಲು ಹಿಡಿದುಕೊಂಡಿತು. ವಾರದೊಳಗೆ ಕೈಗೆ ಅಭ್ಯಾಸವಾಯಿತು. ಅಂಗಡಿ ಮುಚ್ಚುವ ವಿಷಯ ಅವಳ ಮನಸ್ಸಿಗೆ ಬಂದಿತ್ತು ಅಂತ ಪುಟ್ಟಿಗೆ ಇವತ್ತಿಗೂ ಗೊತ್ತಿಲ್ಲ.

ರೋಗವೇನೂ ಬಿಟ್ಟು ಹೋಗಲಿಲ್ಲ. ಚಳಿಗಾಲದಲ್ಲಿ ಒಂದು ವಾರ ಕೆಮ್ಮು ಜೋರಾಯಿತು. ಈ ಸಲ ಮುಚ್ಚಿಡದೆ ಎರಡನೇ ದಿನಕ್ಕೇ ಆಸ್ಪತ್ರೆಗೆ ಹೋಗಿ ಬಂದಳು, ಇಳಿಯಿತು. ನಾಲ್ಕನೇ ಅಂತಸ್ತಿಗೆ ಈಗಲೂ ಒಂದೇ ಉಸಿರಿಗೆ ಹತ್ತುವುದಿಲ್ಲ. ಎರಡು ಕಡೆ ನಿಲ್ಲುತ್ತಾಳೆ, ನಿಂತದ್ದಕ್ಕೆ ನೆಪ ಹೇಳುವುದಿಲ್ಲ. ಯಾರಾದರೂ ಕೇಳಿದರೆ, "ದಮ್ಮು. ಸ್ವಲ್ಪ ತಡೀರಿ," ಅನ್ನುತ್ತಾಳೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಚಾಪೆ ಹಾಸಿ, ಒಂದೇ ದಿಂಬು ಇಟ್ಟುಕೊಂಡು ಮಲಗಿದಳು. ಗೋಡೆಗೆ ಒರಗದೆ ಹಾಗೆ ಚಪ್ಪಟೆಯಾಗಿ ಮಲಗಿ ಎಷ್ಟೋ ತಿಂಗಳಾಗಿತ್ತು. ಪುಟ್ಟಿ ಪಾತ್ರೆ ತೊಳೆದು ಬಂದು ನೋಡಿದಳು. ಅತ್ತಿಗೆ ಅಲುಗಾಡುತ್ತಿಲ್ಲ. ಸದ್ದೂ ಇಲ್ಲ. ಹತ್ತಿರ ಬಂದು ಬಗ್ಗಿದಳು. ಇನ್ನೂ ಬಗ್ಗಿದಳು. ಕೊನೆಗೆ ತಡೆಯಲಾರದೆ ಮೂಗಿನ ಕೆಳಗೆ ಬೆರಳಿಟ್ಟಳು.

"ಇದೀನಿ ಕಣೇ," ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಕೈ ತೆಗಿ. ಬೆಳ್ಳುಳ್ಳಿ ನಾತ."